ಗಾಳಿಗೂಡು ಮತ್ತು ಅದರ ಬಾಯಿ: ಹೊಸೂರು–ಕೃಷ್ಣಗಿರಿ ಸೀಮೆಯ ನಿತ್ಯ ತಂತ್ರಜ್ಞಾನ ಕುರಿತು

ಖಾಲಿಯೆಂದು ಕರೆಯುವ ಕೊಡವಾಗಲಿ ಡಬ್ಬಿಯಾಗಲಿ ಕೋಣೆಯಾಗಲಿ ನಿಜಕ್ಕೂ ಖಾಲಿಯಾಗಿರುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಹೊಸೂರಿನಲ್ಲಿ ಒಂದು ಘನ ಮೀಟರ್ ಗಾಳಿ ಹತ್ತಿರಹತ್ತಿರ 1.1 ಕಿಲೋಗ್ರಾಂ ತೂಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಹತ್ತು ಅಡಿಯಿರುವ ಕೋಣೆಯೊಳಗಿನ ಗಾಳಿಯನ್ನು ತಕ್ಕಡಿಗೆ ಹಾಕಲು ಬರುವಂತಿದ್ದರೆ ಅದು 25 ಕಿಲೋ ಅಕ್ಕಿಮೂಟೆಗಿಂತ ಭಾರವಾಗುತ್ತಿತ್ತು. ತೂಕವುಳ್ಳ, ಒತ್ತಿದರೆ ಕುಗ್ಗುವ, ಬಿಟ್ಟರೆ ಹಿಗ್ಗುವ, ಅಲುಗಾಡದೆ ನಿಂತಾಗ ಶಾಖವನ್ನು ಬಹು ನಿಧಾನವಾಗಿ ದಾಟಿಸುವ ಈ ಪದಾರ್ಥವನ್ನು ಒಂದು ಆವರಣದೊಳಗೆ ಸೇರಿಸಿ ಕೆಲಸಕ್ಕೆ ಹಚ್ಚುವ ವಿದ್ಯೆ ಎಷ್ಟು ಹಳೆಯದೋ ಅಷ್ಟೇ ನಿತ್ಯದ್ದು. ಚರ್ಮ, ರಬ್ಬರು, ಉಕ್ಕು, ಪ್ಲಾಸ್ಟಿಕ್ ಹಾಳೆ, ಸಿಮೆಂಟು ಇವುಗಳಲ್ಲಿ ಯಾವುದರಿಂದಲೇ ಆಗಲಿ ಸುತ್ತುವರಿದು ಗಾಳಿ ತುಂಬಿಕೊಂಡಿರುವ ಜಾಗವನ್ನು ಈ ಉಪನ್ಯಾಸದಲ್ಲಿ ಗಾಳಿಗೂಡು ಎಂದು ಕರೆಯಲಾಗಿದೆ.

ಈ ವಿಷಯಕ್ಕೆ ಹೊಸೂರು–ಕೃಷ್ಣಗಿರಿ ಸೀಮೆಯನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತಾಗಿರುವ ಈ ಪ್ರದೇಶ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಸೀಮೆ ಕೈಬದಲಾದಂದಿನಿಂದ ಆಡಳಿತದ ಗಡಿಗೆರೆಗಳನ್ನು ಹಲವು ಬಾರಿ ಕಂಡು, 2004ರಲ್ಲಿ ಧರ್ಮಪುರಿಯಿಂದ ಬೇರ್ಪಟ್ಟು ಕೃಷ್ಣಗಿರಿ ಜಿಲ್ಲೆಯಾಯಿತು. 1970ರ ದಶಕದಲ್ಲಿ ತಮಿಳುನಾಡಿನ ಸಿಪ್ಕಾಟ್ ಸಂಸ್ಥೆ ಹೊಸೂರಿನಲ್ಲಿ ಕೈಗಾರಿಕಾ ವಸಾಹತು ತೆರೆದ ಮೇಲೆ ಅಶೋಕ್ ಲೇಲ್ಯಾಂಡಿನ ಲಾರಿ, ಟಿವಿಎಸ್ ಮೊಪೆಡ್ಡು, ಟೈಟಾನ್ ಕೈಗಡಿಯಾರ, ಪ್ರೆಸ್ಟೀಜ್ ಕುಕ್ಕರ್ ಎಲ್ಲವೂ ಇಲ್ಲಿಂದ ಹೊರಬಂದವು. ಊರ ಸುತ್ತ ಗುಲಾಬಿಯ ಪಾಲಿಹೌಸುಗಳು ಎದ್ದವು. ಕೃಷ್ಣಗಿರಿಯ ಬಂಡೆಗಳಲ್ಲಿ ಗ್ರಾನೈಟ್ ಕ್ವಾರಿಗಳು ತೆರೆದವು. ಹೊರನೋಟಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲದ ಈ ಕಸುಬುಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಗಾಳಿಗೂಡಿನ ಕಸುಬುಗಳೇ. ಅವುಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಗೂಡಿನ ಗೋಡೆಯನ್ನು ಕಟ್ಟುವುದು ಸುಲಭ, ಕಷ್ಟವಿರುವುದು ಅದರ ಬಾಯಿಯಲ್ಲಿ. ಗಾಳಿ ಎಲ್ಲಿ ಒಳಬರಬೇಕು, ಯಾವಾಗ ಹೊರಹೋಗಬೇಕು, ಯಾವಾಗ ಎರಡೂ ಕೂಡದು ಎಂಬುದನ್ನು ಗೊತ್ತುಮಾಡುವ ಸಣ್ಣ ಭಾಗವೇ ಇಡೀ ಸಾಧನದ ಯೋಗ್ಯತೆಯನ್ನು ನಿರ್ಧರಿಸುತ್ತದೆ, ಕೆಡುವುದೂ ಬಹುತೇಕ ಅಲ್ಲಿಯೇ.

ಈ ಸೀಮೆಯಲ್ಲಿ ಗಾಳಿಗೂಡಿನ ಚರಿತ್ರೆಯನ್ನು ಕಬ್ಬಿಣದಿಂದ ಆರಂಭಿಸುವುದು ನ್ಯಾಯ. ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈ ಎಂಬಲ್ಲಿ ನಡೆದ ಉತ್ಖನನದಲ್ಲಿ ಕಬ್ಬಿಣ ದೊರೆತ ಪದರದ ಕಾಲ ಕ್ರಿ.ಪೂ. 2172ರಷ್ಟು ಹಿಂದಿನದೆಂದು ತಮಿಳುನಾಡು ಸರ್ಕಾರ 2022ರಲ್ಲಿ ಪ್ರಕಟಿಸಿತು. ಕಬ್ಬಿಣವಿದ್ದ ಕಡೆ ಅದಿರು ಕರಗಿಸುವ ಒಲೆ ಎಲ್ಲೋ ಇರಲೇಬೇಕು, ಒಲೆಯಿದ್ದ ಕಡೆ ಗಾಳಿಯೂದುವ ಉಪಾಯವೂ ಇರಬೇಕು. ಏಕೆಂದರೆ ಇದ್ದಿಲಿನ ಬೆಂಕಿ ತನ್ನಷ್ಟಕ್ಕೆ ಉರಿದರೆ ಅದಿರಿನಿಂದ ಕಬ್ಬಿಣ ಬಿಡುವಷ್ಟು ಶಾಖ ಹುಟ್ಟುವುದಿಲ್ಲ. ಹಳೆಯ ಕಾಲದ ಕುಲುಮೆಯಲ್ಲಿ ಕಬ್ಬಿಣ ನೀರಾಗಿ ಹರಿಯುತ್ತಿರಲಿಲ್ಲ, ಅದಕ್ಕೆ 1538 ಡಿಗ್ರಿ ಸೆಲ್ಸಿಯಸ್ ಬೇಕು. 1200 ಡಿಗ್ರಿಯ ಆಸುಪಾಸಿನಲ್ಲಿ ಕಿಟ್ಟ ಕರಗಿ ಇಳಿದು, ಕಬ್ಬಿಣ ಸ್ಪಂಜಿನಂಥ ಮುದ್ದೆಯಾಗಿ ಉಳಿಯುತ್ತಿತ್ತು, ಅದನ್ನು ಬಡಿದು ಬಡಿದು ಹದಮಾಡಬೇಕಿತ್ತು. ಆ 1200 ಡಿಗ್ರಿಯನ್ನು ಮುಟ್ಟಿಸುತ್ತಿದ್ದುದು ತಿದಿ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಇಂಥ ಕುಲುಮೆಗಳ ಕೆಲಸವನ್ನು ವಿವರವಾಗಿ ದಾಖಲಿಸಿದ್ದಾನೆ.

ತೊಗಲಿನ ತಿದಿಯ ರಚನೆ ಗಮನವಿಟ್ಟು ನೋಡತಕ್ಕದ್ದು. ಆಡಿನ ತೊಗಲನ್ನು ಸೀಳದೆ ಇಡಿಯಾಗಿ ಸುಲಿದು ಹದಮಾಡಿ, ಕುತ್ತಿಗೆಯ ಕಡೆಗೆ ಮಣ್ಣಿನ ಇಲ್ಲವೆ ಕಬ್ಬಿಣದ ಕೊಳವೆ ಕಟ್ಟಿ, ಹಿಂಬದಿಯ ಅಗಲವಾದ ಬಾಯಿಗೆ ಎರಡು ಪಟ್ಟಿಗಳನ್ನು ಹೊಲಿಯುತ್ತಿದ್ದರು. ತಿದಿಯೊತ್ತುವವನು ಕೈಬೆರಳುಗಳಿಂದ ಆ ಪಟ್ಟಿಗಳನ್ನು ಅಗಲಿಸಿ ಚೀಲವನ್ನು ಮೇಲೆತ್ತಿದಾಗ ಗಾಳಿ ಒಳಗೆ ನುಗ್ಗುತ್ತದೆ. ಪಟ್ಟಿಗಳನ್ನು ಕೂಡಿಸಿ ಹಿಡಿದು ಕೆಳಗೊತ್ತಿದಾಗ ಅದೇ ಗಾಳಿ ಬೇರೆ ದಾರಿ ಕಾಣದೆ ಕೊಳವೆಯಿಂದ ಬೆಂಕಿಗೆ ಹೋಗುತ್ತದೆ. ಒಂದು ಚೀಲ ತುಂಬುವಾಗ ಗಾಳಿ ನಿಲ್ಲುತ್ತದೆಂದು ಎರಡನ್ನು ಜೋಡಿಯಾಗಿಟ್ಟು ಒಂದಾದ ಮೇಲೊಂದನ್ನು ಒತ್ತುತ್ತಿದ್ದರು, ಆಗ ಬೆಂಕಿಗೆ ಗಾಳಿ ಎಡೆಬಿಡದೆ ದೊರೆಯುತ್ತಿತ್ತು. ಈಗಿನ ಯಂತ್ರಶಾಸ್ತ್ರ ವಾಲ್ವು ಎನ್ನುವ, ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲಿನ ಕೆಲಸವನ್ನು ಇಲ್ಲಿ ಮನುಷ್ಯನ ಬೆರಳುಗಳೇ ಮಾಡುತ್ತಿದ್ದವು. ಮುಂದಿನ ನಾಲ್ಕು ಸಾವಿರ ವರ್ಷಗಳಲ್ಲಿ ಗಾಳಿಗೂಡಿನ ತಂತ್ರಜ್ಞಾನ ಸಾಧಿಸಿದ್ದರಲ್ಲಿ ಬಹುಪಾಲು, ಆ ಬೆರಳುಗಳ ಜಾಗಕ್ಕೆ ತಾನಾಗಿ ತೆರೆದು ಮುಚ್ಚುವ ಸಾಧನವೊಂದನ್ನು ತಂದು ಕೂರಿಸಿದ್ದೇ ಎಂದರೆ ತಪ್ಪಾಗದು.

ತಿದಿಯಲ್ಲಿ ಗಾಳಿ ಹಾದುಹೋಗುವ ಅತಿಥಿ. ಅದನ್ನು ಒಳಗೇ ನಿಲ್ಲಿಸಿ, ನಿಂತ ಗಾಳಿಯಿಂದ ಕೆಲಸ ತೆಗೆಯುವ ಅತ್ಯಂತ ದೊಡ್ಡ ಗೂಡು ಈ ಸೀಮೆಯಲ್ಲಿ ಪಾಲಿಹೌಸು. ಹೊಸೂರು ಬಳಿಯ ಅಮುದಗೊಂಡಪಳ್ಳಿಯಲ್ಲಿ ತಮಿಳುನಾಡು ಸರ್ಕಾರದ ಟಿಡ್ಕೊ ಸಂಸ್ಥೆಯ ಸಹಭಾಗಿತ್ವದಲ್ಲಿ ಎದ್ದ ಟ್ಯಾನ್‌ಫ್ಲೋರಾ ಪುಷ್ಪೋದ್ಯಾನವೂ ಅದರ ಸುತ್ತಲಿನ ರೈತರ ಪಾಲಿಹೌಸುಗಳೂ ಫೆಬ್ರವರಿ 14ರ ಮಾರುಕಟ್ಟೆಗೆ ಕೆಂಪು ಗುಲಾಬಿಯನ್ನು, ಅದರಲ್ಲೂ ತಾಜ್ ಮಹಲ್ ಎಂಬ ತಳಿಯನ್ನು, ವಿದೇಶಗಳಿಗೆ ಕಳುಹಿಸುತ್ತ ಬಂದಿವೆ. ಜಿ.ಐ. ಪೈಪುಗಳ ಚೌಕಟ್ಟಿನ ಮೇಲೆ ಬಿಗಿದ ಪಾಲಿಥೀನ್ ಹಾಳೆಯ ದಪ್ಪ ಸಾಮಾನ್ಯವಾಗಿ 200 ಮೈಕ್ರಾನ್, ಅಂದರೆ ಮಿಲಿಮೀಟರಿನ ಐದನೆಯ ಒಂದು ಭಾಗ. ಅಷ್ಟು ತೆಳ್ಳನೆಯ ಹಾಳೆ ಒಳಗೊಂದು ಬೇರೆಯೇ ಹವೆಯನ್ನು ಉಂಟುಮಾಡುವುದು ಹೇಗೆಂಬುದಕ್ಕೆ ಶಾಲೆಯ ಪುಸ್ತಕಗಳು ಬಹುಕಾಲ ಕೊಟ್ಟ ಉತ್ತರ, ಬಿಸಿಲಿನ ಕಿರಣಗಳು ಒಳಬರುತ್ತವೆ, ನೆಲದಿಂದ ಹೊರಡುವ ಶಾಖಕಿರಣಗಳು ಹೊರಹೋಗಲಾರವು ಎಂಬುದು. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ ಈ ಉತ್ತರವನ್ನು ಒಂದು ಸರಳ ಪ್ರಯೋಗದಿಂದ ಪ್ರಶ್ನಿಸಿದ. ಶಾಖಕಿರಣಗಳನ್ನು ತಡೆಯುವ ಗಾಜನ್ನು ಒಂದು ಪೆಟ್ಟಿಗೆಗೂ, ಅವನ್ನು ಸಲೀಸಾಗಿ ಬಿಟ್ಟುಕೊಡುವ ಕಲ್ಲುಪ್ಪಿನ ಫಲಕವನ್ನು ಇನ್ನೊಂದಕ್ಕೂ ಮುಚ್ಚಳವಾಗಿಟ್ಟು, ಎರಡಕ್ಕೂ ಒಂದೇ ಬಗೆಯ ಬಿಸಿಲು ಬೀಳುವಂತೆ ಮಾಡಿದಾಗ ಎರಡು ಪೆಟ್ಟಿಗೆಗಳ ಶಾಖದಲ್ಲಿ ಹೆಚ್ಚೆಂದರೆ ಒಂದು ಡಿಗ್ರಿಯ ವ್ಯತ್ಯಾಸ ಕಂಡಿತು. ಹಸಿರುಮನೆಯ ಬಿಸುಪಿಗೆ ಮುಖ್ಯ ಕಾರಣ, ಕಾದ ಗಾಳಿ ಮೇಲೇರಿ ಹೊರಟುಹೋಗಲು ದಾರಿ ಸಿಗದಿರುವುದು. ಹೊರಗಿನ ಬಯಲಿನಲ್ಲಿ ನೆಲ ಕಾದಂತೆಲ್ಲ ಗಾಳಿ ಆ ಶಾಖವನ್ನು ಹೊತ್ತುಕೊಂಡು ಆಕಾಶಕ್ಕೆ ಹೋಗುತ್ತದೆ. ಗೂಡಿನೊಳಗೆ ಶಾಖ ಹೊತ್ತ ಗಾಳಿಯೂ ಅಲ್ಲೇ ಉಳಿಯುತ್ತದೆ.

ಪಾಲಿಥೀನಿನ ಮಟ್ಟಿಗೆ ಈ ವಿವರಣೆ ಇನ್ನೂ ಹೆಚ್ಚು ಹೊಂದುತ್ತದೆ, ಏಕೆಂದರೆ ಸಾದಾ ಪಾಲಿಥೀನ್ ಹಾಳೆ ಶಾಖಕಿರಣಗಳನ್ನು ಗಾಜಿನಷ್ಟು ತಡೆಯುವುದಿಲ್ಲ. ಹಗಲಿನಲ್ಲಿ ಒಲೆಯಂತಿದ್ದ ಪಾಲಿಹೌಸು ಮೋಡವಿಲ್ಲದ ಜನವರಿಯ ರಾತ್ರಿಯಲ್ಲಿ ಬೇಗ ತಣಿಯುವುದು, ಕೆಲವೊಮ್ಮೆ ಹೊರಗಿನಷ್ಟೇ ತಣ್ಣಗಾಗುವುದು ಇದರಿಂದಲೇ. ಆಗ ಎದುರಾಗುವ ತೊಡಕು ಚಳಿಗಿಂತ ತೇವದ್ದು. ಗಿಡಗಳು ಹಗಲೆಲ್ಲ ಬಿಟ್ಟ ನೀರಾವಿ ಒಳಗಿನ ಗಾಳಿಯಲ್ಲಿರುತ್ತದೆ. ಗಾಳಿ ತಣಿದಂತೆ ಅದು ಹಾಳೆಯ ಒಳಮೈಮೇಲೆ ಹನಿಗಟ್ಟಿ, ಬೆಳಗಿನ ಜಾವಕ್ಕೆ ಮೊಗ್ಗುಗಳ ಮೇಲೆ ತೊಟ್ಟಿಕ್ಕುತ್ತದೆ. ಬೂದು ಬಣ್ಣದ ಬೂಷ್ಟು, ಅಂದರೆ ಬೊಟ್ರೈಟಿಸ್ ಎಂಬ ಶಿಲೀಂಧ್ರ, ಅಂಥ ಒದ್ದೆ ಪಕಳೆಗಳನ್ನೇ ಕಾಯುತ್ತಿರುತ್ತದೆ. ತೋಟದಲ್ಲಿ ಚುಕ್ಕೆಯಾಗಿ ಕಂಡದ್ದು ಪೆಟ್ಟಿಗೆಯೊಳಗೆ ವಿಮಾನ ಹತ್ತಿ ಇಳಿಯುವಷ್ಟರಲ್ಲಿ ಹೂವನ್ನೇ ಕೊಳೆಸಿರುತ್ತದೆ. ಆದ್ದರಿಂದ ಪಾಲಿಹೌಸಿನ ನೆತ್ತಿಯಲ್ಲಿ ಉದ್ದಕ್ಕೂ ತೆರಪು ಬಿಟ್ಟಿರುತ್ತಾರೆ, ಪಕ್ಕಗಳಲ್ಲಿ ಸುತ್ತಿ ಏರಿಸುವ ಪರದೆಗಳಿರುತ್ತವೆ. ಪರದೆಯನ್ನು ಎಷ್ಟು ಹೊತ್ತಿಗೆ ಎಷ್ಟು ಏರಿಸಬೇಕು, ಸಂಜೆ ಇಳಿಸುವ ಮೊದಲು ಒಳಗಿನ ತೇವದ ಗಾಳಿಯನ್ನು ಹೇಗೆ ಹೊರಗಟ್ಟಬೇಕು ಎಂಬ ತಿಳಿವಳಿಕೆ ಅಲ್ಲಿನ ಕೆಲಸದವರಲ್ಲಿದೆ, ಕೈತಿರುಪು ಹಿಡಿದು ಪರದೆ ಸುತ್ತುವ ಆ ಹೆಂಗಸರು ಗಂಡಸರ ದುಡಿಮೆಗೆ ಕೊಡುವ ಸಂಬಳ ಆ ತಿಳಿವಳಿಕೆಯ ಬೆಲೆಯನ್ನು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ.

ಬಾಯಿ ಮುಚ್ಚಿದರೆ ಇನ್ನೊಂದು ಕೊರತೆಯೂ ಉಂಟು. ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷ ಪಾಲಿಗೆ ಸುಮಾರು 420 ಪಾಲು ಇರುವ ಇಂಗಾಲದ ಡೈಆಕ್ಸೈಡೇ ಎಲೆಗೆ ಆಹಾರ. ಮುಚ್ಚಿದ ಗೂಡಿನಲ್ಲಿ ಬೆಳಗಿನ ಬಿಸಿಲು ಬಿದ್ದ ಕೂಡಲೇ ಗಿಡಗಳು ಅದನ್ನು ಉಂಡು ತೀರಿಸತೊಡಗುತ್ತವೆ. ಹೊಸ ಗಾಳಿ ಬಾರದಿದ್ದರೆ ಬಿಸಿಲು, ನೀರು, ಗೊಬ್ಬರ ಎಲ್ಲವೂ ಇದ್ದೂ ಬೆಳವಣಿಗೆ ಕುಂಟುತ್ತದೆ. ಕೀಟಗಳನ್ನು ತಡೆಯಲೆಂದು ತೆರಪಿಗೆ ಕಟ್ಟುವ ಸಣ್ಣಕಣ್ಣಿನ ಬಲೆ ಕೀಟದೊಂದಿಗೆ ಗಾಳಿಯ ಓಡಾಟವನ್ನೂ ತಗ್ಗಿಸುತ್ತದೆ, ಹೀಗಾಗಿ ಬಲೆ ಕಟ್ಟಿದವರು ತೆರಪನ್ನು ಹಿಗ್ಗಿಸಬೇಕಾಗುತ್ತದೆ. ಚಳಿದೇಶಗಳಲ್ಲಿ ಎರಡು ಪದರ ಹಾಳೆಯ ನಡುವೆ ಸಣ್ಣ ಬ್ಲೋಯರಿನಿಂದ ಗಾಳಿ ತುಂಬಿ ಉಬ್ಬಿಸುವ ಪದ್ಧತಿಯಿದೆ, ಅದರಿಂದ ಶಾಖಕ್ಕೆ ತಗಲುವ ಖರ್ಚಿನಲ್ಲಿ ಮೂರನೆಯ ಒಂದು ಪಾಲಿನಷ್ಟು ಉಳಿಯುತ್ತದೆ. ಹೊಸೂರಿನ ಹವೆಗೆ ಅದರ ಅಗತ್ಯವಿಲ್ಲ, ಇಲ್ಲಿ ಗೂಡನ್ನು ಬಿಗಿಗೊಳಿಸುವುದಕ್ಕಿಂತ ಸಡಿಲಗೊಳಿಸುವುದೇ ದೊಡ್ಡ ವಿದ್ಯೆ.

ಬಾಯಿಯೇ ಇಲ್ಲದ ಗೂಡುಗಳ ವರ್ಗವೊಂದಿದೆ. ಮನೆಯ ಗೋಡೆ ಮತ್ತು ಮಾಡಿನಲ್ಲಿ ಅವು ಅಡಗಿರುತ್ತವೆ. ನಿಂತ ಗಾಳಿಗಿಂತ ಸುಟ್ಟ ಇಟ್ಟಿಗೆ ಸುಮಾರು 30 ಪಟ್ಟು ಬೇಗ ಶಾಖವನ್ನು ದಾಟಿಸುತ್ತದೆ, ಕಾಂಕ್ರೀಟು ಅದಕ್ಕೂ ಹೆಚ್ಚು. ಈ ಲೆಕ್ಕವನ್ನು ನಂಬಿ, ಒಳಗೆ ದೊಡ್ಡ ಪೊಳ್ಳುಗಳಿರುವ ಹಾಲೋ ಬ್ಲಾಕಿನಿಂದ ಗೋಡೆ ಎಬ್ಬಿಸಿದರೆ ಮನೆ ತಣ್ಣಗಿರುತ್ತದೆಂದು ಮಾರುವವರು ಹೇಳುತ್ತಾರೆ, ಕಟ್ಟಿಸುವವರು ಒಪ್ಪುತ್ತಾರೆ. ಅದರಲ್ಲಿ ಅರ್ಧ ಸತ್ಯವಿದೆ. ಗಾಳಿ ಶಾಖವನ್ನು ತಡೆಯುವುದು ನಿಂತಾಗ ಮಾತ್ರ. ಪೊಳ್ಳಿನ ಅಗಲ ಎರಡು ಸೆಂಟಿಮೀಟರನ್ನು ಮೀರಿದ ಮೇಲೆ ಕಾದ ಮೈಯ ಕಡೆ ಗಾಳಿ ಏರಿ, ತಂಪು ಮೈಯ ಕಡೆ ಇಳಿದು, ಒಳಗೊಂದು ಸುತ್ತು ಆರಂಭವಾಗುತ್ತದೆ, ಆ ಸುತ್ತೇ ಶಾಖವನ್ನು ಆಚೆಗೆ ಸಾಗಿಸುತ್ತದೆ. ಪೊಳ್ಳುಗಳ ನಡುವಿನ ಸಿಮೆಂಟಿನ ಅಡ್ಡಗೋಡೆಗಳು ಇನ್ನೊಂದಿಷ್ಟನ್ನು ದಾಟಿಸುತ್ತವೆ. ಒಂದು ದೊಡ್ಡ ಗೂಡಿಗಿಂತ ಸಾವಿರ ಸಣ್ಣ ಗೂಡುಗಳು ಮೇಲೆಂಬ ತತ್ವ ಎಎಸಿ ಬ್ಲಾಕಿನಲ್ಲಿದೆ: ಸ್ವೀಡನ್ನಿನಲ್ಲಿ 1920ರ ದಶಕದಲ್ಲಿ ಆಕ್ಸೆಲ್ ಎರಿಕ್ಸನ್ ರೂಪಿಸಿದ ಈ ವಿಧಾನದಲ್ಲಿ ಸುಣ್ಣ ಬೆರೆತ ಗಾರೆಗೆ ಅಲ್ಯೂಮಿನಿಯಂ ಪುಡಿ ಹಾಕಿದಾಗ ಜಲಜನಕದ ಗುಳ್ಳೆಗಳೆದ್ದು ಮಿಶ್ರಣ ಇಡ್ಲಿ ಹಿಟ್ಟಿನ ಹಾಗೆ ಉಬ್ಬುತ್ತದೆ, ಗಟ್ಟಿಯಾಗುವಷ್ಟರಲ್ಲಿ ಜಲಜನಕ ಹೊರಟುಹೋಗಿ ಆ ಜಾಗಕ್ಕೆ ಗಾಳಿ ಬರುತ್ತದೆ. ಕಾಸಿನ ಗಾತ್ರವೂ ಇಲ್ಲದ ಗುಳ್ಳೆಯಲ್ಲಿ ಗಾಳಿಗೆ ಸುತ್ತಲು ಜಾಗವಿಲ್ಲ.  

ಗೋಡೆಗಿಂತ ಮಾಡಿನಲ್ಲಿ ಗಾಳಿಗೂಡು ಹೆಚ್ಚು ಫಲಕಾರಿ ಎಂಬುದನ್ನು ತಮಿಳುನಾಡಿನ ಹಳೆಯ ಮನೆಗಳನ್ನು ಕಟ್ಟಿದವರು ಬಲ್ಲವರಾಗಿದ್ದರು. ತಾರಸಿಯ ಮೇಲೆ ಮಣ್ಣಿನ ಮಡಕೆಗಳನ್ನು ಬೋರಲಾಗಿ ಒತ್ತೊತ್ತಾಗಿ ಜೋಡಿಸಿ, ಸಂದುಗಳಿಗೆ ಸುಣ್ಣದ ಗಾರೆ ತುಂಬಿ ಮಟ್ಟಮಾಡುವ ಪದ್ಧತಿ ಅವರದು. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಬಳಕೆಗೆ ತಂದ, ಹಂಚುಗಳನ್ನು ಕಾಂಕ್ರೀಟಿನೊಳಗೆ ಹುದುಗಿಸುವ ಫಿಲ್ಲರ್ ಸ್ಲ್ಯಾಬ್ ಅದರ ದೂರದ ನೆಂಟ. ಬೋರಲು ಮಡಕೆಯ ಮರ್ಮ ಹೀಗಿದೆ: ಹಗಲಿನಲ್ಲಿ ಮಾಡು ಮೇಲಿನಿಂದ ಕಾಯುತ್ತದೆ, ಮಡಕೆಯೊಳಗಿನ ಬಿಸಿ ಗಾಳಿ ಹಗುರವಾದ್ದರಿಂದ ಮೇಲೆಯೇ ನಿಲ್ಲುತ್ತದೆ, ಸುತ್ತು ಹುಟ್ಟುವುದಿಲ್ಲ, ಇರುಳಿನಲ್ಲಿ ಮೇಲ್ಮೈ ತಣಿದಾಗ ಕೆಳಗಿನ ಬಿಸಿ ಗಾಳಿ ಏರಿ ಮನೆಯ ಸೆಕೆಯನ್ನು ಮೇಲಕ್ಕೆ ಒಯ್ಯುತ್ತದೆ. ಒಂದೇ ಗೂಡು ಹಗಲು ಶಾಖವನ್ನು ತಡೆದು ರಾತ್ರಿ ಬಿಟ್ಟುಕೊಡುತ್ತದೆ. 12.7 ಡಿಗ್ರಿ ಉತ್ತರ ಅಕ್ಷಾಂಶದ ಹೊಸೂರಿನಲ್ಲಿ ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ನಡುಹಗಲ ಸೂರ್ಯ ನೆತ್ತಿಯ ಮೇಲೆಯೇ ಇರುವುದರಿಂದ ಬಿಸಿಲಿನ ಹೊಡೆತವೆಲ್ಲ ತಾರಸಿಗೆ ಬೀಳುತ್ತದೆ. ಗೋಡೆಗೆ ದುಬಾರಿ ಬ್ಲಾಕು ಕೊಂಡು ಮಾಡಿಗೆ ಬರಿಯ ಕಾಂಕ್ರೀಟು ಸುರಿಯುವ ಈಗಿನ ರೂಢಿ ಹಣವನ್ನು ತಪ್ಪು ಜಾಗದಲ್ಲಿ ಕಳೆಯುವ ರೂಢಿ.

ಇಷ್ಟು ಹೊತ್ತು ನೋಡಿದ್ದು ಸುತ್ತಲಿನ ಒತ್ತಡದಲ್ಲೇ ಇರುವ ಗಾಳಿ. ಅದನ್ನು ಒತ್ತಿ ತುಂಬಿದಾಗ ಬೇರೊಂದು ಗುಣ ಎದ್ದು ಕಾಣುತ್ತದೆ. ಗಾಳಿಗೆ ಸ್ಪ್ರಿಂಗಿನ ಸ್ವಭಾವವಿದೆಯೆಂದು 1660ರಲ್ಲಿ ಬರೆದ ರಾಬರ್ಟ್ ಬಾಯ್ಲ್, ಎರಡು ವರ್ಷಗಳ ತರುವಾಯ ಗಾಳಿಯ ಗಾತ್ರವನ್ನು ಅರ್ಧಕ್ಕಿಳಿಸಿದರೆ ಒತ್ತಡ ಇಮ್ಮಡಿಯಾಗುತ್ತದೆಂಬ ನಿಯಮವನ್ನು ಅಳತೆಗಳೊಂದಿಗೆ ಪ್ರಕಟಿಸಿದ. ಈ ನಿಯಮವನ್ನು ಚಕ್ರಕ್ಕೆ ತೊಡಿಸುವ ಯೋಚನೆಗೆ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟು ಪಡೆದಿದ್ದರೂ ಅದು ಮರೆತುಹೋಗಿ, 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರುಗಾಲಿ ಸೈಕಲ್ಲಿಗಾಗಿ ಅದನ್ನು ಮತ್ತೆ ಕಂಡುಹಿಡಿದ. ಟೈರಿನ ವಿಷಯದಲ್ಲಿ ಅನೇಕರು ತಿಳಿಯದ ಮಾತೆಂದರೆ, ಭಾರವನ್ನು ಹೊರುವುದು ರಬ್ಬರಿಗಿಂತ ಹೆಚ್ಚಾಗಿ ಅದರೊಳಗಿನ ಗಾಳಿಯೇ ಎಂಬುದು. 2018ರ ಕೇಂದ್ರ ಅಧಿಸೂಚನೆಯಂತೆ ನಾಲ್ಕು ಟೈರಿನ ಒಂದು ಆಕ್ಸಲ್ 11.5 ಟನ್ ಹೊರಬಹುದು; ಒಂದೊಂದು ಟೈರಿಗೆ 2,875 ಕಿಲೋಗ್ರಾಂ. ಟೈರಿನ ಒತ್ತಡ ಚದರ ಸೆಂಟಿಮೀಟರಿಗೆ 8 ಕಿಲೋಗ್ರಾಂ ಇದ್ದರೆ, ಆ ಭಾರಕ್ಕೆ ನೆಲವನ್ನು ಮುಟ್ಟಬೇಕಾದ ಜಾಗ ಸುಮಾರು 360 ಚದರ ಸೆಂಟಿಮೀಟರು, ಎ4 ಹಾಳೆಯ ಅರ್ಧಕ್ಕಿಂತ ತುಸುವೇ ಹೆಚ್ಚು. ಗಾಳಿ ಇಳಿದರೆ ಈ ಜಾಗ ಹಿಗ್ಗುತ್ತದೆ, ಪಕ್ಕಗಳು ಪ್ರತಿ ಸುತ್ತಿನಲ್ಲೂ ಮಡಿಚಿ ಬಿಚ್ಚುತ್ತವೆ, ಮಡಿಚಿದ ರಬ್ಬರು ಕಾಯುತ್ತದೆ, ಕಾದದ್ದು ಸಿಡಿಯುತ್ತದೆ. ಓಡಿ ಬಂದ ಟೈರಿನ ಗಾಳಿ ಕಾದು ಒತ್ತಡ ಹತ್ತನೆಯ ಒಂದು ಪಾಲಿನಷ್ಟು ಏರಿರುವುದು ಸಹಜ. ಆಗ ಅಳೆದು ಹೆಚ್ಚಾಯಿತೆಂದು ಗಾಳಿ ಬಿಡುವುದು ಹೆದ್ದಾರಿಯ ಪಂಕ್ಚರ್ ಅಂಗಡಿಗಳಲ್ಲಿ ದಿನವೂ ನಡೆಯುವ ತಪ್ಪು.

ಡನ್‌ಲಪ್ಪನ ಟೈರು ಜಗತ್ತಿಗೆ ಹಬ್ಬಲು ಅದರ ಬಾಯಿಯೂ ಸುಧಾರಿಸಬೇಕಿತ್ತು. ಸೈಕಲ್ಲಿನ ವಾಲ್‌ಟ್ಯೂಬು, ಅಂದರೆ ಲೋಹದ ಕಡ್ಡಿಯ ಪಕ್ಕದ ಸಣ್ಣ ತೂತನ್ನು ಅಪ್ಪಿಕೊಂಡಿರುವ ಎಳೆಯ ರಬ್ಬರ್ ಕೊಳವೆ, ಪಂಪಿನ ಗಾಳಿ ಬಂದಾಗ ಹಿಗ್ಗಿ ದಾರಿ ಬಿಡುತ್ತದೆ, ಒಳಗಿನ ಗಾಳಿ ತಿರುಗಿ ಒತ್ತಿದಾಗ ತೂತನ್ನು ಬಿಗಿಯಾಗಿ ಮುಚ್ಚುತ್ತದೆ. ತಿದಿಯೊತ್ತುವವನ ಬೆರಳು ಮಾಡುತ್ತಿದ್ದ ಕೆಲಸ ಇಲ್ಲಿ ಒಂದು ಇಂಚು ರಬ್ಬರಿನದು. 1890ರ ದಶಕದಲ್ಲಿ ಶ್ರೇಡರ್ ಹೆಸರಿನ ಸ್ಪ್ರಿಂಗ್ ವಾಲ್ವು ಬಂದಿತು. 1980ರಲ್ಲಿ ಹೊಸೂರಿನಿಂದ ಹೊರಬಂದ ಟಿವಿಎಸ್ 50 ಮೊಪೆಡ್ಡಿನಿಂದ ಹಿಡಿದು ಇಂದಿನ ಲಾರಿಯವರೆಗೆ ಎಲ್ಲ ಚಕ್ರಗಳ ಬಾಯಿಗೂ ಅದೇ ಬೀಗ.

ಕೃಷ್ಣಗಿರಿಯ ಗ್ರಾನೈಟ್ ಕ್ವಾರಿಗಳಲ್ಲೂ ಕೊಳವೆಬಾವಿ ಕೊರೆಯುವ ಗಾಡಿಗಳಲ್ಲೂ ಒತ್ತಿದ ಗಾಳಿ ಕಲ್ಲು ಕುಟ್ಟುವ ಕೂಲಿಯಾಗಿದೆ. ತಿರುಚೆಂಗೋಡಿನಿಂದ ಹೊರಟು ಕರ್ನಾಟಕದ ಹಳ್ಳಿಹಳ್ಳಿಗೂ ಬರುವ ಬೋರ್‌ವೆಲ್ ಲಾರಿಗಳ ಕಂಪ್ರೆಸರು ಚದರ ಸೆಂಟಿಮೀಟರಿಗೆ 20 ಕಿಲೋಗ್ರಾಂ ಆಸುಪಾಸಿನ ಒತ್ತಡದಲ್ಲಿ ಗಾಳಿಯನ್ನು ಪೈಪಿನ ತುದಿಗೆ ಕಳುಹಿಸುತ್ತದೆ. ಅಲ್ಲಿನ ಸುತ್ತಿಗೆ ಆ ಗಾಳಿಯಿಂದಲೇ ಬಂಡೆಯನ್ನು ಕುಟ್ಟುತ್ತದೆ, ಕೆಲಸ ಮುಗಿಸಿದ ಅದೇ ಗಾಳಿ ಕಲ್ಲಿನ ಪುಡಿಯನ್ನು ಹೊತ್ತು ಮೇಲಕ್ಕೆ ಬಂದು ಊರನ್ನೆಲ್ಲ ಬೂದಿಬಣ್ಣವಾಗಿಸುತ್ತದೆ. ನೀರು ಕಡಿಮೆಯಾದ ಬಾವಿಗಳಲ್ಲಿ ಮೋಟಾರಿಗೆ ಬದಲು ಕಂಪ್ರೆಸರ್ ಇಟ್ಟು, ನೀರಿನ ಪೈಪಿನ ಬುಡಕ್ಕೆ ಗಾಳಿ ಬಿಟ್ಟು, ಗುಳ್ಳೆಗಳಿಂದ ಹಗುರವಾದ ನೀರನ್ನು ಮೇಲೆಬ್ಬಿಸುವ ಪದ್ಧತಿಯೂ ಇದೆ. ಅದಕ್ಕೆ ವಿದ್ಯುತ್ತು ಹೆಚ್ಚು ಬೇಕು, ಆದರೆ ನೀರು ಬತ್ತಿದರೆ ಸುಟ್ಟುಹೋಗಲು ನೆಲದಡಿಯಲ್ಲಿ ಮೋಟಾರಿರುವುದಿಲ್ಲ.

ಗಾಳಿ ಬೇಡವಾದ ಗೂಡುಗಳನ್ನೂ ಇಲ್ಲಿ ಹೇಳದೆ ಬಿಡುವಂತಿಲ್ಲ. ಹೊಸೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ಬೇಳೆ ಬೇಯಲು ತಡವಾಗುತ್ತದೆ, ಕುಕ್ಕರ್ ಇದ್ದರೆ ಒಳಗಿನ ಶಾಖ 118 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಅಷ್ಟು ಏರಬೇಕಾದರೆ ಒಳಗಿರುವುದು ಬರಿಯ ಹಬೆಯಾಗಿರಬೇಕು. ಆರಂಭದಲ್ಲಿದ್ದ ಗಾಳಿ ಹೊರಹೋಗದೆ ಒಳಗಿನ ಒತ್ತಡದಲ್ಲಿ ಮೂರನೆಯ ಒಂದು ಪಾಲು ಅದರದಾಗಿ ಉಳಿದರೆ, ವೆಯ್ಟು ಕೂಗುತ್ತಿದ್ದರೂ ಶಾಖ 106 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನಳಿಗೆಯಿಂದ ಹಬೆ ನೇರವಾಗಿ ಸುಯ್ಯೆಂದು ಬರತೊಡಗಿದ ಮೇಲೆ ವೆಯ್ಟು ಇಡಬೇಕೆಂಬ ಅಡುಗೆಮನೆಯ ಹಳೆಯ ಶಿಸ್ತಿಗೆ ಕಾರಣ ಇದು. ಹನಿ ನೀರಾವರಿಯ ಕೊಳವೆಗಳ ಏರುಜಾಗದಲ್ಲಿ ಗಾಳಿ ಹಿಡಿದು ನೀರು ನಿಲ್ಲುವುದೂ, ಮಳೆಯಲ್ಲಿ ನೆನೆದ ಕೈಗಡಿಯಾರದ ಗಾಜಿನೊಳಗೆ ಮಂಜು ಕವಿಯುವುದೂ ಇದೇ ಜಾತಿಯ ತೊಂದರೆಗಳು.

ಗಾಳಿಗೂಡಿನ ಬಾಯಿ ಕೆಟ್ಟರೆ ಪ್ರಾಣಕ್ಕೇ ಅಪಾಯವಾಗುವ ಜಾಗ ಲಾರಿಯ ಬ್ರೇಕು. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಸೇಲಂ ಹಾಯ್ದು ದಕ್ಷಿಣಕ್ಕೆ ಹೋಗುವ 44ನೇ ಸಂಖ್ಯೆಯ ಹೆದ್ದಾರಿ ಪ್ರಸ್ಥಭೂಮಿಯಿಂದ ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತದೆ; ಧರ್ಮಪುರಿ ದಾಟಿದ ಮೇಲಿನ ತೊಪ್ಪೂರು ಘಾಟಿಯ ಇಳಿಜಾರು ಲಾರಿ ಅಪಘಾತಗಳಿಂದ ಕುಖ್ಯಾತ. ಲಾರಿಯ ಎಂಜಿನ್ನು ಓಡಿಸುವ ಕಂಪ್ರೆಸರು ಉಕ್ಕಿನ ಟ್ಯಾಂಕುಗಳಲ್ಲಿ ಚದರ ಸೆಂಟಿಮೀಟರಿಗೆ 7–8 ಕಿಲೋಗ್ರಾಂ ಒತ್ತಡದ ಗಾಳಿಯನ್ನು ಕೂಡಿಡುತ್ತದೆ. ಚಾಲಕ ಪೆಡಲು ಒತ್ತಿದಾಗ ಆ ಗಾಳಿ ಚಕ್ರದ ಬಳಿಯ ಬ್ರೇಕ್ ಚೇಂಬರಿಗೆ ಹೋಗಿ ಅಲ್ಲಿನ ರಬ್ಬರ್ ಪೊರೆಯನ್ನು ದೂಡುತ್ತದೆ. ಪೊರೆಯ ವಿಸ್ತಾರ ಸುಮಾರು 190 ಚದರ ಸೆಂಟಿಮೀಟರಾದರೆ ದೂಡುವ ಬಲ 1,300 ಕಿಲೋಗ್ರಾಂ ಮೀರುತ್ತದೆ. ಚಾಲಕನ ಕಾಲು ಬಾಗಿಲು ತೆರೆಯುತ್ತದೆಯೇ ಹೊರತು ಲಾರಿಯನ್ನು ನಿಲ್ಲಿಸುವ ಬಲ ಅದರದಲ್ಲ.

ಈ ವ್ಯವಸ್ಥೆಯ ಮೂಲ ರೈಲಿನದು. 1869ರಲ್ಲಿ ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ಎಂಜಿನ್ನಿನಿಂದ ಎಲ್ಲ ಗಾಡಿಗಳಿಗೂ ಒಂದೇ ಪೈಪಿನಲ್ಲಿ ಗಾಳಿ ಕಳುಹಿಸಿ ಬ್ರೇಕು ಹಾಕಿಸಿದ. ಪೈಪು ಒಂದು ಕಡೆ ಕಿತ್ತರೆ ಇಡೀ ರೈಲಿಗೆ ಬ್ರೇಕಿಲ್ಲ ಎಂಬ ದೋಷ ಅದರಲ್ಲಿತ್ತು. 1872ರಲ್ಲಿ ಆತ ಲೆಕ್ಕವನ್ನೇ ತಲೆಕೆಳಗು ಮಾಡಿದ. ಪ್ರತಿ ಗಾಡಿಗೂ ತನ್ನದೇ ಟ್ಯಾಂಕು ಕೊಟ್ಟು, ಪೈಪಿನಲ್ಲಿ ಒತ್ತಡ ಇಳಿದಾಗ ಬ್ರೇಕು ಬೀಳುವಂತೆ ಮಾಡಿದ್ದರಿಂದ ಸೋರಿಕೆಯೇ ರೈಲನ್ನು ನಿಲ್ಲಿಸುವ ಸೂಚನೆಯಾಯಿತು. ಲಾರಿಯ ಹಿಂಚಕ್ರಗಳ ಸ್ಪ್ರಿಂಗ್ ಬ್ರೇಕು ಇದೇ ಯೋಚನೆಯ ಮುಂದುವರಿಕೆ: ಬಲವಾದ ಸ್ಪ್ರಿಂಗೊಂದು ಸದಾ ಬ್ರೇಕು ಹಾಕಲು ಹವಣಿಸುತ್ತಿರುತ್ತದೆ, ಟ್ಯಾಂಕಿನ ಗಾಳಿ ಅದನ್ನು ಹಿಂದಕ್ಕೆ ಹಿಡಿದಿಟ್ಟಿರುತ್ತದೆ. ಬೆಳಗ್ಗೆ ಗಾಳಿ ಏರುವ ತನಕ ಲಾರಿ ಅಲುಗದೆ ನಿಲ್ಲುವುದೂ, ಒತ್ತಡ ತೀರ ಇಳಿದಾಗ ನಡುರಸ್ತೆಯಲ್ಲಿ ಚಕ್ರ ಬಿಗಿಯುವುದೂ ಅದರಿಂದಲೇ. ವೆಸ್ಟಿಂಗ್‌ಹೌಸನ ಈ ತಿರುವುಮುರುವು ಗಾಳಿಗೂಡಿನ ಚರಿತ್ರೆಯಲ್ಲಿ ಅತ್ಯಂತ ಬುದ್ಧಿವಂತಿಕೆಯ ಹೆಜ್ಜೆ ಎನ್ನಲು ಸಂಕೋಚಪಡಬೇಕಿಲ್ಲ. ಗೂಡು ಸೋರಿಯೇ ಸೋರುತ್ತದೆಂದು ಮೊದಲೇ ಒಪ್ಪಿಕೊಂಡ ವಿನ್ಯಾಸ ಅದು.

ಆದರೂ ಈ ವಿನ್ಯಾಸವನ್ನು ಸೋಲಿಸುವ ದಾರಿಗಳು ಉಳಿದಿವೆ. ಡೀಸೆಲ್ ಉಳಿಸಲೆಂದು ಘಾಟಿಯಲ್ಲಿ ಎಂಜಿನ್ ಆರಿಸಿ ನ್ಯೂಟ್ರಲ್ಲಿನಲ್ಲಿ ಇಳಿಯುವ ಚಾಲಕ ಎಂಜಿನ್ನಿನ ಹಿಡಿತವನ್ನೂ ಕಂಪ್ರೆಸರನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾನೆ. ಒಂದೊಂದು ಸಲ ಪೆಡಲು ಒತ್ತಿದಾಗಲೂ ಟ್ಯಾಂಕಿನ ಗಾಳಿ ಖರ್ಚಾಗುತ್ತದೆ, ಹೊಸದು ಬರುವುದಿಲ್ಲ, ಅತ್ತ ಬ್ರೇಕಿನ ಲೈನರುಗಳು ಕಾದು ಹಿಡಿತ ಬಿಡುತ್ತವೆ. ಇನ್ನೊಂದು ದಾರಿ ನಿಧಾನದ್ದು. ಗಾಳಿಯನ್ನು ಎಂಟು ಪಟ್ಟು ಒತ್ತಿ ತಣಿಸಿದಾಗ ಅದರಲ್ಲಿದ್ದ ನೀರಾವಿಯ ಬಹುಪಾಲು ನೀರಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಇದು ಹೆಚ್ಚು. ಆ ನೀರು ಗಾಳಿಯ ಜಾಗವನ್ನು ತಿನ್ನುತ್ತದೆ, ಟ್ಯಾಂಕನ್ನು ತುಕ್ಕುಹಿಡಿಸುತ್ತದೆ, ಕಂಪ್ರೆಸರಿನ ಎಣ್ಣೆಯೊಂದಿಗೆ ಬೆರೆತು ವಾಲ್ವುಗಳ ಬಾಯಿಯಲ್ಲಿ ಜಿಡ್ಡಾಗಿ ಕೂರುತ್ತದೆ. ಹೊಸ ಲಾರಿಗಳಲ್ಲಿ ತೇವ ಹೀರುವ ಏರ್ ಡ್ರೈಯರ್ ಇರುತ್ತದೆ, ಅದರ ಹರಳುಗಳಿಗೂ ಆಯುಷ್ಯದ ಮಿತಿಯಿದೆ. ಟ್ಯಾಂಕಿನ ಕೆಳಗಿನ ಸಣ್ಣ ತಿರುಪನ್ನು ಬಿಚ್ಚಿ ನೀರು ಬಿಡುವುದಕ್ಕೆ ಒಂದು ನಿಮಿಷ ಸಾಕು. ಎಂಜಿನ್ ನಿಲ್ಲಿಸಿ, ಗಾಳಿಯ ಮೀಟರಿನ ಮುಳ್ಳು ಎಷ್ಟು ಬೇಗ ಇಳಿಯುತ್ತದೆಂದು ನೋಡಿ, ಚಕ್ರಗಳ ಬಳಿ ಕಿವಿಗೊಟ್ಟು ಸುಯ್ಗುಡುವ ಸದ್ದು ಹುಡುಕುವುದಕ್ಕೆ ಇನ್ನೂ ಐದು ನಿಮಿಷ. ಬಾಡಿಗೆಯ ಅವಸರದಲ್ಲಿ ಈ ಆರು ನಿಮಿಷಗಳನ್ನೇ ಕ್ಲೀನರನಿಂದ ಕಸಿದುಕೊಳ್ಳಲಾಗುತ್ತದೆ. ಹೊಸೂರು ಸೀಮೆಯಿಂದ ಲಾರಿ ಹೊರಡಿಸುವ ಮಾಲೀಕರು, ಸಾಗಣೆ ಕಚೇರಿಗಳು ಮತ್ತು ಸರಕು ತುಂಬಿಸುವ ಕಾರ್ಖಾನೆಗಳು ಟ್ಯಾಂಕಿನ ನೀರು ಬಿಟ್ಟು ಸೋರಿಕೆ ನೋಡಿದ ಮೇಲೆಯೇ ಗೇಟು ದಾಟಿಸುವ ಕಟ್ಟಳೆಯನ್ನು ಹಾಕಿಕೊಳ್ಳಬೇಕು, ಆ ಹೊತ್ತನ್ನು ಚಾಲಕನ ಕೆಲಸದ ಸಮಯವೆಂದೇ ಎಣಿಸಿ ಅದಕ್ಕೆ ಕೂಲಿ ಕೊಡಬೇಕು.